ಪಾಯಿಂಟ್ ಆದಮೇಲಿನ ಅಂಕಿ

ನಾನು ಮಾಡಿದ ಟೇಬಲ್ ನೋಡಿ ಒಬ್ಬ ತಾಯಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು ಹೋದಳು.

ಟೇಬಲ್ ಎಂದರೆ ನಾಲ್ಕು ಕಾಲಿನದಲ್ಲ, ಸಾಲು-ಕಾಲಂ ಇರುವ ಪಟ್ಟಿ. ಮೂವತ್ತೊಂದು ಮಕ್ಕಳ ಹೆಸರು, ಪಕ್ಕದಲ್ಲಿ ಅವರ ತೂಕ. ಅದಕ್ಕೆ ಬಣ್ಣ ಹಾಕಿದ್ದೆ. ಅಂಕಿಗಳನ್ನು ಚೊಕ್ಕ ಮಾಡಿದ್ದೆ. ಅಂಗನವಾಡಿಯ ಗೋಡೆಯ ಮೇಲೆ ಪ್ರೊಜೆಕ್ಟರ್‌ನಿಂದ ದೊಡ್ಡದಾಗಿ ತೋರಿಸಿ, ಹೊಗಳಿಕೆಗೆ ಕಾಯುತ್ತಾ ನಿಂತಿದ್ದೆ. (ಸುಳ್ಳೇಕೆ ಹೇಳಲಿ, ನಿಜವಾಗಿಯೂ ಕಾಯುತ್ತಿದ್ದೆ.)

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಬಹುದೇ ಎಂದು ಇದರಲ್ಲಿ ಬರುವ ಎರಡೂ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಈ ಜಾಗ್ರತೆ ಆವತ್ತೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನಾನು ಅಜ್ಜಂಪುರದವಳು. ದಿನಾ ಕಡೂರಿಗೆ ಹೋಗಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವರ್ಷ ನಮಗೆಲ್ಲ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಐದು ದಿನದ ತರಬೇತಿ ಕೊಟ್ಟರು. ಅಲ್ಲಿ ನೋಟ್‌ಬುಕ್ ಎಂಬುದರ ಪರಿಚಯವಾಯಿತು. ಇದು ಅಂಗಡಿಯಲ್ಲಿ ಸಿಗುವ ಇನ್ನೂರು ಪುಟದ್ದಲ್ಲ. ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವ ಪುಟ. ಒಂದು ಡಬ್ಬಿಯಲ್ಲಿ ಕೋಡ್ ಬರೆದು ರನ್ ಎಂದರೆ, ಅದರ ಕೆಳಗೇ ಉತ್ತರ ಬಂದು ಕೂರುತ್ತದೆ.

ಆ ಉತ್ತರವಾಗಿ ಬರುವ ಟೇಬಲ್ ನೋಡಲು ಬಹಳ ಬಡವಾಗಿರುತ್ತದೆ. ಬಿಳಿ ಮೇಲೆ ಕಪ್ಪು. ಬೇಡದ ಕ್ರಮಸಂಖ್ಯೆ. ಪಾಯಿಂಟ್ ಆದಮೇಲೆ ಆರಾರು ಅಂಕಿ. ಆದರೆ ಇನ್ನೆರಡು ಸಾಲು ಕೋಡ್ ಬರೆದರೆ ಅದರ ಅವತಾರವೇ ಬದಲು. ಇಷ್ಟಕ್ಕಿಂತ ಕಡಿಮೆ ಇದ್ದರೆ ಕೆಂಪು, ಜಾಸ್ತಿ ಇದ್ದರೆ ಹಸಿರು. ಬೇಡದ ಕಾಲಂ ಮರೆಗೆ. ಅಂಕಿ ಎಷ್ಟು ಉದ್ದ ಕಾಣಬೇಕೋ ಅಷ್ಟೇ.

ಇದರಲ್ಲಿ ಒಂದು ಮಜಾ ಇದೆ. ಮೇಲೆ ಏನೇ ಅಲಂಕಾರ ಮಾಡಿದರೂ ಒಳಗಿನ ಅಂಕಿ ಬದಲಾಗುವುದಿಲ್ಲ. ಕಣ್ಣಿಗೆ ಕಾಣುವುದಷ್ಟೇ ಬದಲು. ತರಬೇತಿ ಕೊಟ್ಟವರು ಇದನ್ನು ಎರಡೆರಡು ಸಲ ಹೇಳಿ, "ಹಂಗಾಗಿ ಭಯ ಪಡಬೇಡಿ ಮೇಡಂ, ಆಟ ಆಡಿ" ಎಂದಿದ್ದರು. ಭಯ ಬಿಟ್ಟೆ. ಆಡಿದೆ.

ಗಿರಿಜ ನನ್ನ ಜೊತೆ ಹೈಸ್ಕೂಲು ಓದಿದವಳು. ಪಂಚನಹಳ್ಳಿ ಕಡೆಯ ಒಂದು ಊರಿನಲ್ಲಿ ಅಂಗನವಾಡಿ ಟೀಚರ್. ಒಂದು ದಿನ ಫೋನ್ ಮಾಡಿ, "ತಾಯಂದಿರ ಸಭೆ ಇದೆ ಕಣೇ. ಮಕ್ಕಳ ತೂಕ ಎಲ್ಲಾರ್ಗೂ ಒಟ್ಟಿಗೆ ಅರ್ಥ ಆಗೋ ಹಂಗೆ ತೋರಿಸ್ಬೇಕು. ನೀನು ಕಂಪ್ಯೂಟರಲ್ಲಿ ಏನೋ ಮಾಡ್ತೀಯಂತಲ್ಲ?" ಎಂದಳು.

ಕೇಳಬೇಕೆ! ಒಂದು ಭಾನುವಾರ ಪೂರ್ತಿ ಕೂತೆ. ನಾಲ್ಕು ತಿಂಗಳ ತೂಕ ತೆಗೆದುಕೊಂಡೆ. ಕಾಲಂಗಳ ಹೆಸರನ್ನು ಕನ್ನಡಕ್ಕೆ ತಿರುಗಿಸಿದೆ. ವಯಸ್ಸಿಗೆ ಇರಬೇಕಾದ ತೂಕದ ಗೆರೆಗಿಂತ ಕೆಳಗಿರುವ ಮಗುವಿನ ಸಾಲು ಪೂರ್ತಿ ಕೆಂಪು, ಮೇಲಿರುವ ಮಗುವಿನದು ಪೂರ್ತಿ ಹಸಿರು. ಇನ್ನು ಪಾಯಿಂಟ್ ಆರು, ಪಾಯಿಂಟ್ ನಾಲ್ಕು ಎಂದೆಲ್ಲ ಇದ್ದರೆ ಹಳ್ಳಿ ಹೆಂಗಸರಿಗೆ ಎಲ್ಲಿ ಅರ್ಥವಾಗಬೇಕು ಎಂದುಕೊಂಡು, ಅಂಕಿಗಳನ್ನು ಹತ್ತಿರದ ಪೂರ್ಣ ಕೆಜಿಗೆ ತಂದು ನಿಲ್ಲಿಸಿದೆ.

ನೋಡಲು ಎಷ್ಟು ಚೆಂದ ಬಂತೆಂದರೆ, ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದೊಂದು ಬಾಕಿ.

ಸಭೆಯ ದಿನ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿದೆವು. ಗೋಡೆಯ ಮೇಲೆ ಟೇಬಲ್ ಮೂಡಿತು. ಇಪ್ಪತ್ತೈದು ಹಸಿರು, ಆರು ಕೆಂಪು. ಹೆಂಗಸರೆಲ್ಲ ಒಮ್ಮೆ "ಓ" ಎಂದರು. ತಮ್ಮ ಮಗುವಿನ ಹೆಸರು ಹುಡುಕಿದರು. ಆಮೇಲೆ? ಪಕ್ಕದವರ ಮಗುವಿನ ಹೆಸರು ಹುಡುಕಿದರು.

ಮೊದಲ ಕೆಂಪು ಸಾಲಿನಲ್ಲಿದ್ದ ಹೆಸರು ಭೂಮಿಕ. ಎರಡೂಕಾಲು ವರ್ಷದ ಹುಡುಗಿ. ಅವಳ ಮುಂದೆ ನಾಲ್ಕು ತಿಂಗಳ ತೂಕ: ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು.

"ಅದು ಸವಿತನ್ ಮಗೀಂದಲ್ವೇನೆ?" ಹಿಂದಿನಿಂದ ಯಾರೋ ಕೇಳಿದರು.

ಮುಂದೆ ಕೂತಿದ್ದ ನಂಜಮ್ಮ ಎಂಬ ಹಿರಿಯ ಹೆಂಗಸು ತಿರುಗಿ ನೋಡಿದರು. ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದವರು. "ಏನೇ ಸವಿತ, ಮಗೀಗೆ ಊಟ ಹಾಕಲ್ವೇನೇ?" ಎಂದರು. ಚುಚ್ಚಬೇಕೆಂದು ಅಂದದ್ದಲ್ಲ. ಆದರೆ ಮೂರ್ನಾಲ್ಕು ಜನ ನಕ್ಕರು.

ಸವಿತ ಎದ್ದಳು. ಪ್ರೊಜೆಕ್ಟರ್ ಮುಂದೆಯೇ ಹಾದುಹೋದಳು. ಒಂದು ಕ್ಷಣ ನನ್ನ ಕೆಂಪು ಅವಳ ಸೀರೆಯ ಮೇಲೂ ಮಗುವಿನ ಮುಖದ ಮೇಲೂ ಬಿತ್ತು. ಬಾಗಿಲು ದಾಟಿ ಹೋದಳು.

ಹಸಿರಿನವರು ಕೊನೆಯವರೆಗೂ ಕೂತಿದ್ದರು. ನಂಜಮ್ಮನ ಮೊಮ್ಮಗಳು ಪೂರ್ವಿಯ ಸಾಲೂ ಹಸಿರು: ಹದಿಮೂರು, ಹದಿಮೂರು, ಹದಿಮೂರು, ಹದಿಮೂರು. "ನಮ್ ಪೂರ್ವಿ ಪಾಸು" ಎಂದು ನಂಜಮ್ಮ ಮಗುವಿನ ತಲೆ ಸವರಿದರು. ಎಲ್ಲರಿಗೂ ಕೋಸಂಬರಿ ಕೊಟ್ಟೆವು. ಸಭೆ ಮುಗಿಯಿತು.

ವಾರ ಕಳೆದ ಮೇಲೆ ಗಿರಿಜಳ ಫೋನ್. ದನಿ ಸಪ್ಪಗಿತ್ತು.

"ಸವಿತ ಮಗೂನ ಕಳಿಸ್ತಾನೇ ಇಲ್ಲ ಕಣೇ. ಮೊಟ್ಟೆ, ಹಾಲು ಎಲ್ಲಾ ತಪ್ಪೋಯ್ತು. ಆಯಾನ ಕಳಿಸಿದ್ರೆ ಬಾಗಿಲಲ್ಲೇ ನಿಲ್ಸಿ ಮಾತಾಡಿಸ್ತಾಳಂತೆ. ನೀನೊಂದ್ಸಲ ಬತ್ತೀಯಾ?"

ಹೋಗಲು ಮನಸ್ಸಿರಲಿಲ್ಲ. ತಪ್ಪು ನನ್ನದೇನಿದೆ? ಮಗು ಗೆರೆಗಿಂತ ಕೆಳಗಿದ್ದದ್ದು ನಿಜ, ಕೆಂಪು ಬಂತು. ಗೆರೆ ನಾನು ಎಳೆದದ್ದಲ್ಲ, ತಕ್ಕಡಿ ನನ್ನದಲ್ಲ. ಕಡೂರಿನಿಂದ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಇದನ್ನೇ ನನಗೆ ನಾನು ಹೇಳಿಕೊಂಡೆ. ಬಸ್ ಇಳಿದಾಗ ಗಿರಿಜ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು.

ಸವಿತ ಮನೆಯ ಮುಂದೆ ಕೂತು ತೆಂಗಿನ ಗರಿ ಸೀಳಿ ಕಡ್ಡಿಪೊರಕೆ ಕಟ್ಟುತ್ತಿದ್ದಳು. ನಮ್ಮನ್ನು ನೋಡಿ "ಕೂತ್ಕಳಿ" ಎಂದಳು. ಕೈಕೆಲಸ ನಿಲ್ಲಿಸಲಿಲ್ಲ. ಭೂಮಿಕ ಪಕ್ಕದಲ್ಲೇ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ ಅಮ್ಮನ ಕೈಗೆ ಕೊಡುತ್ತಿದ್ದಳು.

ನಾನು ಸಿದ್ಧ ಮಾಡಿಕೊಂಡು ಹೋಗಿದ್ದ ಮಾತು ಶುರು ಮಾಡಿದೆ. ಕೆಂಪು ಎಂದರೆ ಬೈಗುಳವಲ್ಲ, ಎಚ್ಚರಿಕೆ ಮಾತ್ರ, ಇತ್ಯಾದಿ.

"ನನ್ ಮಗಳು ಸಣ್ಣಗೌಳೆ ಅಂತ ನಂಗೊತ್ತಿಲ್ವಾ ಮೇಡಂ?" ಎಂದಳು. "ಏಳ್ ತಿಂಗಳಿಗೆ ಹುಟ್ಟಿದ್ದು. ಆಸ್ಪತ್ರೇಲಿ ಗಾಜಿನ ಪೆಟ್ಟಿಗೇಲಿ ಇಟ್ಟಿದ್ರು. ಕೆಂಪು ಹಾಕಿದ್ದಕ್ಕೆ ಎದ್ದೋದೆ ಅಂದ್ಕಂಡ್ರಾ?"

"ಮತ್ತೆ?"

"ಎಂಟು ಆರು ಇದ್ಲು. ಮುಂದಿನ್ ತಿಂಗ್ಳು ಎಂಟು ಎಂಟು. ಆಮೇಲೆ ಒಂಬತ್ತು ಒಂದು. ಈ ಸಲ ಒಂಬತ್ತು ನಾಕು. ಗಿರಿಜಕ್ಕನೇ ತೂಗಿದ್ದು, ಕೇಳಿ. ಒಂದೊಂದು ತುತ್ತಿಗೂ ಇವಳ ಹಿಂದೆ ಬೀದಿ ತುಂಬಾ ತಿರುಗೀನಿ. ಕಡ್ಲೇಕಾಯಿ ಪುಡಿ ಮಾಡಿ ಗಂಜಿಗೆ ಹಾಕೀನಿ. ನಿಮ್ ಗೋಡೆ ಮೇಲೆ ಏನ್ ಬಂತು? ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು. ನಾನು ನಾಕು ತಿಂಗ್ಳು ಸುಮ್ನೆ ಕೂತಿದ್ದೆ ಅನ್ನಂಗೆ."

ಇಷ್ಟು ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದ್ದೇನೆ. ಪಾಯಿಂಟ್ ಆದಮೇಲಿನ ಅಂಕಿ ಬಿಟ್ಟ ವಿದ್ಯಾರ್ಥಿಗೆ ಮಾರ್ಕ್ಸ್ ಕತ್ತರಿಸಿದ್ದೇನೆ. ಇಲ್ಲೊಬ್ಬಳು ಪೊರಕೆ ಕಟ್ಟುತ್ತಾ ನಾಲ್ಕು ತಿಂಗಳ ದಶಮಾಂಶವನ್ನು ಬಾಯಲ್ಲೇ ಹೇಳುತ್ತಿದ್ದಳು. ಇವಳಿಗೆ ಅರ್ಥವಾಗುವುದಿಲ್ಲವೆಂದು ಅದನ್ನು ಮರೆಮಾಡಿದವಳು ನಾನು.

ಎಂಟೂವರೆಗಿಂತ ಮೇಲಿದ್ದರೆ ಒಂಬತ್ತು. ಒಂಬತ್ತೂವರೆಗಿಂತ ಕೆಳಗಿದ್ದರೂ ಒಂಬತ್ತು. ಆ ಮಗು ಗಳಿಸಿಕೊಂಡ ಎಂಟುನೂರು ಗ್ರಾಂ ಈ ಎರಡರ ಮಧ್ಯೆ ಸಿಕ್ಕಿ ಕಾಣೆಯಾಗಿತ್ತು.

ಅಲ್ಲೇ ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಈ ಸಲ ಭೂಮಿಕಳ ಒಂದು ಸಾಲು ಮಾತ್ರ ತೆಗೆದೆ. ಪಾಯಿಂಟ್ ಆದಮೇಲೆ ಎಷ್ಟು ಅಂಕಿ ಕಾಣಬೇಕು ಎಂದು ಕೋಡಿನಲ್ಲಿ ಹೇಳುವ ಜಾಗದಲ್ಲಿದ್ದ ಸೊನ್ನೆಯನ್ನು ಒಂದು ಎಂದು ತಿದ್ದಿದೆ. ತಿದ್ದಿದ್ದು ಒಂದೇ ಅಕ್ಷರ. ರನ್ ಎಂದೆ. 8.6, 8.8, 9.1, 9.4.

ಸವಿತ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ನಾಲ್ಕೂ ಅಂಕಿಗಳನ್ನು ಬೆರಳಿಟ್ಟು ಓದಿದಳು.

"ಈಗ ಬಂತು" ಎಂದಳು.

"ತಪ್ಪಾಯ್ತು ಸವಿತ. ಎಲ್ಲರ ಮುಂದೆ ಹೆಸರು ಹಾಕಿ ತೋರಿಸಿದ್ದೂ ತಪ್ಪು" ಎಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ನಾಳೆಯಿಂದ ಕಳಿಸುತ್ತೇನೆ ಎಂದಳು. ಟೀ ಕೊಟ್ಟಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಒಂದು ಪಾಠ ಕಲಿತೆ ಎಂದು ಬರೆದು ಪೆನ್ ಮುಚ್ಚುತ್ತಿದ್ದೆ. ಮುಗಿಯಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಅಂಗನವಾಡಿಗೆ ಬಂದು ಇಡೀ ಟೇಬಲನ್ನೇ ಸರಿ ಮಾಡೋಣ ಎಂದು ಕೂತೆ. ಮಗು ಗೆರೆಯ ಕೆಳಗಿದೆಯೋ ಮೇಲಿದೆಯೋ ಎಂಬುದರ ಜೊತೆಗೆ, ನಾಲ್ಕು ತಿಂಗಳಲ್ಲಿ ಎಷ್ಟು ಏರಿದೆ ಎಂಬ ಹೊಸ ಕಾಲಂ ಸೇರಿಸಿದೆ. ಬಣ್ಣವನ್ನು ಆ ಕಾಲಂಗೆ ವರ್ಗಾಯಿಸಿದೆ. ಹೆಚ್ಚು ಏರಿದವರು ಮೇಲೆ, ಕಡಿಮೆ ಏರಿದವರು ಕೆಳಗೆ ಬರುವಂತೆ ಜೋಡಿಸಿದೆ.

ಭೂಮಿಕ ಮೇಲಿನಿಂದ ಎರಡನೆಯವಳಾದಳು. ಗಿರಿಜ ಚಪ್ಪಾಳೆ ತಟ್ಟಿದಳು. ನಾನು ಖುಷಿಯಲ್ಲಿ ಪರದೆಯನ್ನು ಕೆಳಕ್ಕೆ ಜರುಗಿಸಿದೆ.

ಕಟ್ಟಕಡೆಯ ಸಾಲಿನಲ್ಲಿ ಮೈನಸ್ ಚಿಹ್ನೆ ಇತ್ತು. ಮೂವತ್ತೊಂದರಲ್ಲಿ ಮೈನಸ್ ಇದ್ದದ್ದು ಅದೊಂದೇ. ಪೂರ್ವಿ. 13.3, 13.2, 12.9, 12.6.

ಹದಿಮೂರು, ಹದಿಮೂರು, ಹದಿಮೂರು, ಹದಿಮೂರು!

"ಇದು ತಪ್ಪಿರ್ಬೇಕು ಕಣೇ" ಎಂದಳು ಗಿರಿಜ. "ನಂಜಮ್ಮನ ಮೊಮ್ಮಗಳು. ಮನೇಲಿ ಎರಡು ಹಸು ಕರೀತಾವೆ. ತಕ್ಕಡೀನೇ ಕೆಟ್ಟಿರ್ಬೇಕು."

ತಕ್ಕಡಿ ಕೆಟ್ಟಿದ್ದರೆ ಉಳಿದ ಮೂವತ್ತು ಮಕ್ಕಳು ಏರಿದ್ದು ಹೇಗೆ? ಆದರೂ ಪಕ್ಕದ ಅಂಗಡಿಯಿಂದ ಒಂದೊಂದು ಕೆಜಿಯ ಐದು ಉಪ್ಪಿನ ಪ್ಯಾಕೆಟ್ ತಂದು ತಕ್ಕಡಿಯ ಮೇಲೆ ಇಟ್ಟೆವು. ಸರಿಯಾಗಿ ಐದು ತೋರಿಸಿತು.

ಮಾರನೆಯ ಬೆಳಿಗ್ಗೆ ನಾನು ಅಜ್ಜಂಪುರ ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯುತ್ತಿದ್ದಾಗ ಫೋನ್ ಬಂತು. "ಮತ್ತೆ ತೂಗ್ದೆ. ಹನ್ನೆರಡು ನಾಕು" ಎಂದಳು ಗಿರಿಜ.

ಆ ಶನಿವಾರ ಇಬ್ಬರೂ ನಂಜಮ್ಮನ ಮನೆಗೆ ಹೋದೆವು. ತೆಂಗು, ಹಸು, ಟ್ರ್ಯಾಕ್ಟರ್ ಎಲ್ಲ ಇರುವ ಮನೆ. ವಿಷಯ ಹೇಳುತ್ತಿದ್ದ ಹಾಗೆ ನಂಜಮ್ಮನ ಮುಖ ಬಿಗಿಯಾಯಿತು.

"ನಮ್ಮನೇಲಿ ಹಾಲು ತುಪ್ಪಕ್ಕೆ ಏನ್ ಬರ ಬಂದೈತಾ? ಓಡಾಡೋ ಮಗ, ಒಂದ್ಸೊಲ್ಪ ಇಳೀತಾವೆ. ಅವತ್ತು ನೀವೇ ಗೋಡೆ ಮೇಲೆ ಹಸ್ರು ತೋರ್ಸಿದ್ರಲ್ಲ? ಅದು ಸುಳ್ಳಾ ಹಂಗಾದ್ರೆ?"

ಸುಳ್ಳಲ್ಲ. ಪೂರ್ವಿ ಇವತ್ತಿಗೂ ಗೆರೆಯ ಮೇಲೇ ಇದ್ದಾಳೆ. ಇವತ್ತು ನನ್ನ ಹಳೆಯ ಟೇಬಲ್ ರನ್ ಮಾಡಿದರೂ ಅವಳು ಹಸಿರೇ. ಆ ಬಣ್ಣ ಕೊಟ್ಟ ಧೈರ್ಯದ ಮೇಲೆ ಈ ಅಜ್ಜಿ ನಿಂತಿದ್ದರು. ಅದನ್ನು ಕೊಟ್ಟ ನಾನು ಎದುರಿಗೆ ಕೂತು ತಡವರಿಸುತ್ತಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ಪೂರ್ವಿಯ ತಾಯಿ ಪುಷ್ಪ ನಿಂತಿದ್ದಳು.

"ಅತ್ತೆ, ಯುಗಾದಿಗೆ ತಂದ ಫ್ರಾಕು ಸಡ್ಲ ಆಗೈತೆ" ಎಂದಳು ಮೆಲ್ಲಗೆ. "ಮಲ್ಗಿದ್ದಾಗ ಮೈಯೆಲ್ಲ ಬೆವರ್ತಾಳೆ. ನಾನೇ ಹೇಳ್ಬೇಕು ಅಂದ್ಕಂಡಿದ್ದೆ. ಅವತ್ತು ಸಭೇಲಿ ಪಾಸು ಅಂದ್ರಲ್ಲ, ಸುಮ್ನಾದೆ."

ನಂಜಮ್ಮ ಸೊಸೆಯನ್ನು ನೋಡಿದರು. ಮೊಮ್ಮಗಳನ್ನು ಹತ್ತಿರ ಕರೆದು ಫ್ರಾಕಿನ ಹಿಂಭಾಗ ಹಿಡಿದು ನೋಡಿದರು. ಒಂದು ಹಿಡಿ ಬಟ್ಟೆ ಕೈಗೆ ಬಂತು. "ಯಾವ್ ಡಾಕ್ಟ್ರತ್ರ ತೋರಿಸ್ಬೇಕು?" ಎಂದರು.

ಸೋಮವಾರ ಕಡೂರಿನ ಮಕ್ಕಳ ಡಾಕ್ಟರ ಹತ್ತಿರ ಹೋದರು. ಗಿರಿಜಳೂ ಜೊತೆಗಿದ್ದಳು. ನಾನು ಕಾಲೇಜಿನಲ್ಲಿದ್ದೆ. ಸಂಜೆ ಬಸ್‌ಸ್ಟಾಂಡಿನಲ್ಲಿ ಸಿಕ್ಕಿ ನಡೆದದ್ದನ್ನೆಲ್ಲ ಹೇಳಿದಳು.

ಡಾಕ್ಟರು ಮಗುವನ್ನು ನೋಡಿ, ಕುತ್ತಿಗೆ ಮುಟ್ಟಿ, ಮೊದಲು ಕೇಳಿದ ಪ್ರಶ್ನೆ: "ಮನೇಲಿ ಯಾರಿಗಾದ್ರೂ ಬಹಳ ದಿನದಿಂದ ಕೆಮ್ಮು ಇದೆಯಾ?"

ಪುಷ್ಪ ಅತ್ತೆಯ ಮುಖ ನೋಡಿದಳು. ಇತ್ತು. ಪೂರ್ವಿಯ ತಾತನಿಗೆ. ಬೀಡಿ ಕೆಮ್ಮು ಎಂದು ಮನೆಯವರೆಲ್ಲ ಅದರ ಸದ್ದಿಗೆ ಒಗ್ಗಿಹೋಗಿದ್ದರು. ಪೂರ್ವಿ ಮಲಗುತ್ತಿದ್ದದ್ದು ತಾತನ ಪಕ್ಕದಲ್ಲೇ, ಕಥೆ ಕೇಳುತ್ತಾ.

ಪರೀಕ್ಷೆಗಳಾದವು. ಇಬ್ಬರಿಗೂ ಕ್ಷಯ ಇತ್ತು. ಇಬ್ಬರಿಗೂ ಮಾತ್ರೆ ಶುರುವಾಯಿತು. ಆರು ತಿಂಗಳು ಒಂದು ದಿನವೂ ತಪ್ಪಿಸಬಾರದು ಎಂದರಂತೆ. "ಈಗಲೇ ಬಂದಿದ್ದು ಒಳ್ಳೇದಾಯ್ತು. ಇನ್ನೂ ತಡ ಮಾಡಿದ್ರೆ ಮಗೂಗೆ ಕಷ್ಟ ಆಗ್ತಿತ್ತು" ಎಂದೂ ಹೇಳಿದರಂತೆ. ಆ ಮಾತು ಕೇಳಿ ನಂಜಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತರು ಎಂದಳು ಗಿರಿಜ.

ಇದಾಗಿ ಎರಡೂವರೆ ತಿಂಗಳಾಯಿತು. ಪೂರ್ವಿ ಈಗ ಹದಿಮೂರು ಪಾಯಿಂಟ್ ಒಂದು. (ಇನ್ನು ಜನ್ಮದಲ್ಲಿ ಬರೀ ಹದಿಮೂರು ಎಂದು ಬರೆಯುವುದಿಲ್ಲ.) ತಾತನ ಕೆಮ್ಮು ತಗ್ಗಿದೆ. ಬೀಡಿ ಬಿಟ್ಟಿದ್ದೇನೆ ಅನ್ನುತ್ತಾರೆ, ಗಿರಿಜ ನಂಬುವುದಿಲ್ಲ.

ನನಗೆ ಆಗಾಗ ಒಂದು ಯೋಚನೆ ಬರುತ್ತದೆ. ಸವಿತ ಅವತ್ತು ಎದ್ದು ಹೋಗದೆ, ತಲೆ ತಗ್ಗಿಸಿ ಕೂತು, ಕೋಸಂಬರಿ ತಿಂದು ಹೋಗಿದ್ದರೆ? ಆ ಟೇಬಲನ್ನು ನಾನು ಮತ್ತೆ ತೆರೆಯುತ್ತಲೇ ಇರಲಿಲ್ಲ. ಚೆನ್ನಾಗಿ ಬಂದಿತ್ತಲ್ಲ!

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಗಿರಿಜ ಸರಿಯಾಗಿ ತೂಗಿದ್ದಳು, ಸರಿಯಾಗಿ ಬರೆದಿದ್ದಳು. ನೋಟ್‌ಬುಕ್ಕಿನ ಒಳಗೆ 12.6 ಎಂಬ ಅಂಕಿ ಮೊದಲ ದಿನದಿಂದಲೂ ಹಾಗೇ ಕೂತಿತ್ತು. ಒಳಗಿನದು ಬದಲಾಗದು, ಭಯ ಪಡಬೇಡಿ ಎಂದಿದ್ದರಲ್ಲ ತರಬೇತಿಯಲ್ಲಿ? ಸರಿಯೇ. ಆದರೆ ಆ ಕೋಣೆಯಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬರಾದರೂ ಒಳಗೆ ಹೋಗಿ ನೋಡುವವರಿದ್ದರೇ? ಗೋಡೆಯ ಮೇಲೆ ಕಂಡದ್ದೇ ಅವರಿಗೆ ಮಗುವಿನ ತೂಕ. ಯಾವುದು ಕಾಣಬೇಕು, ಯಾವುದು ಬೇಡ ಎಂದು ಮನೆಯಲ್ಲಿ ಕಾಫಿ ಕುಡಿಯುತ್ತಾ ತೀರ್ಮಾನಿಸಿದವಳು ನಾನು. ಅಲಂಕಾರ ಎಂದುಕೊಂಡು ಮಾಡಿದ್ದು, ಇನ್ನೊಬ್ಬರ ಮಗುವಿನ ವಿಷಯದಲ್ಲಿ ತೀರ್ಪೇ ಆಗಿತ್ತು.

ಮೊನ್ನೆ ಮತ್ತೆ ಸಭೆ ಇತ್ತು. ಗೋಡೆಯ ಮೇಲೆ ಒಂದು ಹೆಸರೂ ಇಲ್ಲ. ಊರಿನಲ್ಲಿ ಎಷ್ಟು ಮಕ್ಕಳ ತೂಕ ಏರಿದೆ, ಎಷ್ಟು ಮಕ್ಕಳದು ಏರದೆ ನಿಂತಿದೆ ಎಂಬುದಷ್ಟೇ. ತಾಯಂದಿರ ಕೈಗೆ ಅವರವರ ಮಗುವಿನ ಚೀಟಿ ಕೊಟ್ಟೆವು. ಪ್ರತಿ ತಿಂಗಳ ತೂಕ, ಗ್ರಾಂ ಸಮೇತ. ಬಣ್ಣ ಹಾಕಿರಲಿಲ್ಲ. ಏರಿದ್ದರೆ ಮೇಲ್ಮುಖ ಬಾಣ, ಇಳಿದಿದ್ದರೆ ಕೆಳಮುಖ ಬಾಣ.

ಸವಿತ ಮುಂದಿನ ಸಾಲಿನಲ್ಲೇ ಕೂತಿದ್ದಳು. ಭೂಮಿಕ ಇನ್ನೂ ಗೆರೆ ದಾಟಿಲ್ಲ. ಚೀಟಿಯನ್ನು ಎರಡು ಸಲ ಓದಿ ನನ್ನ ಹತ್ತಿರ ಬಂದಳು.

"ಆ ಗೆರೆ ಇನ್ನೆಷ್ಟು ದೂರ ಐತೆ ಮೇಡಂ?"

"ಇನ್ನೂರು ಗ್ರಾಂ."

"ಅಷ್ಟೇನಾ?" ಎಂದು ನಕ್ಕಳು. ನನ್ನ ಜೊತೆ ಅವಳು ನಕ್ಕದ್ದು ಅದೇ ಮೊದಲು.

ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಕ್ಲಾಸಿನಲ್ಲಿ ಫೇಲಾಗುವವರನ್ನು ಕರೆದು ಕೂರಿಸಿ ಮಾತಾಡುತ್ತೇನೆ. ತೊಂಬತ್ತರಿಂದ ಎಂಬತ್ತಕ್ಕೆ, ಎಂಬತ್ತರಿಂದ ಎಪ್ಪತ್ತಕ್ಕೆ ಜಾರುವ ಹುಡುಗಿಯನ್ನು? ಪಾಸಾಗುತ್ತಾಳೆ ಬಿಡು ಎಂದು ಮುಂದಿನ ಹೆಸರಿಗೆ ಹೋಗುತ್ತೇನೆ. ಮನೆಯಲ್ಲೂ ಅಷ್ಟೇ. ಸದಾ ಕಷ್ಟ ಹೇಳಿಕೊಳ್ಳುವ ತಮ್ಮನಿಗೆ ವಾರಕ್ಕೆ ಮೂರು ಫೋನ್. ಎಂದೂ ಏನೂ ಹೇಳಿಕೊಳ್ಳದ ಅಕ್ಕನೊಬ್ಬಳು ತರೀಕೆರೆಯಲ್ಲಿದ್ದಾಳೆ. ಅವಳಿಗೆ ಹಬ್ಬಕ್ಕೊಂದು ಮೆಸೇಜು.

ಬಸ್ಸಿನಲ್ಲೇ ಅಕ್ಕನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಗಾಬರಿಯಲ್ಲಿ ಕೇಳಿದಳು:

"ಏನಾಯ್ತೇ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣಕ್ಕ. ನೀನು ಹೇಗಿದ್ದೀಯ ಅಂತ ಮಾಡ್ದೆ."

ಅಕ್ಕ ಮಾತಾಡಲು ಶುರು ಮಾಡಿದಳು. ಬೀರೂರು ಬಂದರೂ ಮುಗಿದಿರಲಿಲ್ಲ.

ಚೆನ್ನಾಗಿದ್ದಾರೆ ಎಂದುಕೊಂಡು ನೀವು ಕೇಳುವುದನ್ನೇ ಬಿಟ್ಟವರು ಯಾರು?